ಎಷ್ಟು ದಿನದಿಂದ ಜ್ವರ

ಆಸ್ಪತ್ರೆಯ ಜ್ವರ ವಿಭಾಗದಲ್ಲಿ ಚೀಟಿ ಬರೆಯುವ ಹೆಂಗಸನ್ನು ಎಲ್ಲರೂ ಕಿಟಕಿಯಮ್ಮ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷದಿಂದ ಅವಳು ಆ ಒಂದೇ ಕಿಟಕಿಯ ಹಿಂದೆ ಕುಳಿತಿದ್ದಳು. ಹೆಸರು, ವಯಸ್ಸು, ವಿಳಾಸ, ಜ್ವರ ಎಷ್ಟು ದಿನದಿಂದ ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡು, ಚೀಟಿಗೆ ಮೊಹರು ಒತ್ತಿ, ಗಾಜಿನ ಕೆಳಗಿನ ಸಂದಿಯಿಂದ ಆಚೆ ತಳ್ಳುವುದು ಅವಳ ಕೆಲಸ. ಚೀಟಿ ಹಿಡಿದವರು ಎಡಗಡೆಯ ಹಸಿರು ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಆ ಬಾಗಿಲಿನ ಆಚೆ ಏನಿದೆ ಎಂದು ಅವಳು ನೋಡಿರಲಿಲ್ಲ, ನೋಡುವ ಅಗತ್ಯವೂ ಬಿದ್ದಿರಲಿಲ್ಲ.

ಆ ವರ್ಷ ಗಂಟಲು ಜ್ವರ ಬಂತು. ಮೊದಲ ಎರಡು ದಿನ ಅದು ಸಾಮಾನ್ಯ ನೆಗಡಿ ಜ್ವರದ ಹಾಗೇ ಇರುತ್ತಿತ್ತು. ಮೂರನೆಯ ದಿನ ಗಂಟಲೊಳಗೆ ಬಿಳಿಯ ಪೊರೆ ಕಟ್ಟಲು ಶುರುವಾಗುತ್ತಿತ್ತು. ಹತ್ತರಲ್ಲಿ ಏಳೆಂಟು ಮಂದಿಗೆ ಪೊರೆ ತಾನಾಗಿಯೇ ಕರಗಿ ಹೋಗುತ್ತಿತ್ತು. ಉಳಿದವರಿಗೆ ಅದು ದಪ್ಪವಾಗುತ್ತಾ ಹೋಗಿ ಉಸಿರಿನ ದಾರಿಯನ್ನೇ ಮುಚ್ಚುತ್ತಿತ್ತು. ಯಾರಿಗೆ ಕರಗುತ್ತದೆ, ಯಾರಿಗೆ ಮುಚ್ಚುತ್ತದೆ ಎಂದು ಮೊದಲೇ ಹೇಳುವವರು ಯಾರೂ ಇರಲಿಲ್ಲ. ಮೂರು ದಿನದೊಳಗೆ ಸೂಜಿ ಬಿದ್ದರೆ ಎಲ್ಲರೂ ಉಳಿಯುತ್ತಾರೆ, ಆಮೇಲೆ ಹಾಕಿದರೆ ನೀರು ಹಾಕಿದ ಹಾಗೆ ಎಂದು ಡಾಕ್ಟರುಗಳು ಹೇಳುತ್ತಿದ್ದರು.

ಮೊದಲ ವಾರದಲ್ಲೇ ಅವಳ ಅಮ್ಮನಿಗೆ ಬಂತು. ಅಕ್ಕ ಕರೆದುಕೊಂಡು ಬಂದಳು. ಚೀಟಿಯನ್ನು ಕಿಟಕಿಯಮ್ಮನೇ ಬರೆದಳು. ಅಮ್ಮ ತನ್ನ ಕಾಲಿನ ಮೇಲೆ ತಾನೇ ನಡೆದು, ಹಸಿರು ಬಾಗಿಲಿನ ಹತ್ತಿರ ತಿರುಗಿ, "ನನ್ನ ಉಣ್ಣೆ ಶಾಲು ಕಳಿಸ್ರೇ, ಒಳಗೆ ಚಳಿ ಇರುತ್ತೆ" ಎಂದು ಹೇಳಿ ಹೋದಳು.

ಜೊತೆಗೆ ಯಾರೂ ಹೋಗುವಂತಿರಲಿಲ್ಲ. ಅಕ್ಕ ಹೊರಗಿನ ಕಲ್ಲುಬೆಂಚಿನ ಮೇಲೆ ನಾಲ್ಕು ದಿನ ಕೂತಳು. ಗಂಟೆಗೊಮ್ಮೆ ಎದ್ದು ಬಂದು ಕಿಟಕಿಯಲ್ಲಿ ಕೇಳುತ್ತಿದ್ದಳು. ಎಲ್ಲರಿಗೂ ಹೇಳಬೇಕಾಗಿದ್ದ ಉತ್ತರವನ್ನೇ ಕಿಟಕಿಯಮ್ಮ ಅವಳಿಗೂ ಹೇಳುತ್ತಿದ್ದಳು: "ಒಳಗಿಂದ ಇನ್ನೂ ಏನೂ ಹೇಳಿಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ಅದು ಸುಳ್ಳಾಗಿರಲಿಲ್ಲ. ಒಳಗಿನಿಂದ ಯಾರೂ ಅವಳಿಗೂ ಏನೂ ಹೇಳುತ್ತಿರಲಿಲ್ಲ. ಐದನೆಯ ದಿನ ಬೆಳಿಗ್ಗೆ ತೀರಿಕೊಂಡವರ ಒಂದು ಪಟ್ಟಿ ಬಂತು. ಏಳನೆಯ ಹೆಸರು ಅಮ್ಮನದು.

ದೇಹವನ್ನು ಜಿಪ್ ಎಳೆದು ಅಂಟು ಹಾಕಿದ ಚೀಲದಲ್ಲಿ ಕೊಟ್ಟರು. ತೆರೆಯುವಂತಿಲ್ಲ ಎಂದರು.

"ಒಳಗಿರೋದು ಅಮ್ಮನೇ ಅಂತ ನೀನು ನೋಡಿದ್ಯಾ?" ಎಂದು ಅಕ್ಕ ಕೇಳಿದಳು.

ಕಿಟಕಿಯಮ್ಮ ನೋಡಿರಲಿಲ್ಲ.

ಅದಾಗಿ ಎರಡು ತಿಂಗಳು. ಊರಲ್ಲಿ ಜ್ವರ ಏರುತ್ತಲೇ ಇತ್ತು, ಕಿಟಕಿಯ ಮುಂದಿನ ಸಾಲು ಮಾತ್ರ ಗಿಡ್ಡವಾಗುತ್ತಾ ಬಂತು. ಬರುವವರು ನಡೆದು ಬರುತ್ತಿರಲಿಲ್ಲ. ಅವರನ್ನು ಎತ್ತಿಕೊಂಡು ಬರುತ್ತಿದ್ದರು. ಜ್ವರ ಎಷ್ಟು ದಿನದಿಂದ ಎಂದರೆ ಎಲ್ಲರೂ ಪಾಠ ಒಪ್ಪಿಸಿದ ಹಾಗೆ "ನಿನ್ನೆಯಿಂದ" ಎನ್ನುತ್ತಿದ್ದರು. ಅವಳು ನಿನ್ನೆಯಿಂದ ಎಂದು ಬರೆದುಕೊಳ್ಳುತ್ತಿದ್ದಳು. ಒಳಗೆ ಹೋದವರಲ್ಲಿ ಬಹಳ ಜನ ಚೀಲದಲ್ಲೇ ಹೊರಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕನ ಮಗಳು ಫೋನ್ ಮಾಡಿದಳು. ಕಾಲೇಜಿಗೆ ಹೋಗುವ ಹುಡುಗಿ, ಸುಮ್ಮನೆ ಫೋನ್ ಮಾಡುವವಳಲ್ಲ.

"ಚಿಕ್ಕಮ್ಮ, ನುಂಗೋಕೆ ಕಷ್ಟ ಆದ್ರೆ ತಣ್ಣಗಿನ ಹಾಲು ಕೊಡಬಹುದಾ?"

"ಯಾರಿಗೆ?"

"ಯಾರಿಗೂ ಇಲ್ಲ. ಸುಮ್ನೆ ಕೇಳ್ದೆ." ಫೋನ್ ಕಟ್ಟಾಯಿತು.

ನಾಲ್ಕು ಗಂಟೆಗೆ ಪಾಳಿ ಮುಗಿದಿದ್ದೇ ಕಿಟಕಿಯಮ್ಮ ಅಕ್ಕನ ಬೀದಿಗೆ ಓಡಿದಳು. ಭಾವನಿಗೆ ಅಲ್ಲಿ ಒಂದು ಕನ್ನಡಕದ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ. ಭಾವ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದರು, ಅಕ್ಕ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದಳು. ಊರಿಗೆಲ್ಲ ಕನ್ನಡಕ ಹಾಕುವ ಭಾವ ತಾವು ಮಾತ್ರ ಹಾಕುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ, "ನಿಮ್ಮಕ್ಕನ ಮುಖ ಸ್ವಲ್ಪ ಮಸುಕಾಗಿದ್ರೇನೇ ಸಂಸಾರ ನಡೆಯೋದು" ಎನ್ನುತ್ತಿದ್ದರು. ಆ ದಿನ ಅಂಗಡಿಯ ಷಟರ್ ಅರ್ಧ ಇಳಿದಿತ್ತು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಒಳಗೆ ಬರಬೇಡ. ನಿನ್ನ ಬಟ್ಟೆಯೆಲ್ಲ ಆಸ್ಪತ್ರೆ ವಾಸನೆ."

"ಭಾವನಿಗೆ ಎಷ್ಟು ದಿನ ಆಯ್ತು?"

"ಏನೂ ಆಗಿಲ್ಲ."

ಅಕ್ಕನ ಬೆನ್ನ ಹಿಂದೆ ಮಗಳು ಎರಡು ಬೆರಳು ಎತ್ತಿ ತೋರಿಸಿದಳು. ಒಳಗಿನಿಂದ ಭಾವನ ದನಿ ಕೇಳಿತು, ಗೊಗ್ಗರಾಗಿತ್ತು. "ಯಾರದು? ಕಿಟಕಿನೇ ಮನೆ ಬಾಗಿಲಿಗೆ ಬಂತಾ?"

"ಅಕ್ಕ, ನಾಳೆ ಸಂಜೆಯೊಳಗೆ ಸೂಜಿ ಬೀಳಬೇಕು. ಈಗಲೇ ಹೊರಡೋಣ."

"ಅಮ್ಮನಿಗೂ ಸೂಜಿ ಹಾಕಿದ್ರಾ?"

"ಹಾಕಿರ್ತಾರೆ."

"ಇರ್ತಾರೆ!" ಅಕ್ಕ ಆ ಪದವನ್ನು ಬಾಯಲ್ಲಿ ಕಹಿ ಬಂದವಳ ಹಾಗೆ ಹೇಳಿದಳು. "ಹನಿ ಮಾಸ್ತರ ಹತ್ರ ತೋರಿಸಿದ್ದೀವಿ. ಹೆದರಬೇಡಿ ಅಂದಿದ್ದಾರೆ."

"ಅವರೇನು ಡಾಕ್ಟರಾ? ಇಸ್ಕೂಲಲ್ಲಿ ಗಣಿತ ಹೇಳ್ತಿದ್ದವರು."

"ಆದ್ರೆ ಮನುಷ್ಯರ ಹಾಗೆ ಮಾತಾಡ್ತಾರೆ. ನೀನು ಒಡಹುಟ್ಟಿದವಳು, ನಾಲ್ಕು ದಿನ ಗಾಜಿನ ಆ ಕಡೆಯಿಂದ ಏನು ಮಾತಾಡಿದೆ ಹೇಳು. ಅವರು ನಿಮ್ಮ ಭಾವನ ಕೈ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ರು ಕಣೇ."

ಕಿಟಕಿಯಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆ ಮಾಸ್ತರನ್ನೇ ವಿಚಾರಿಸಿಕೊಳ್ಳುತ್ತೇನೆ ಎಂದು ಸಿಟ್ಟಿನಲ್ಲೇ ಹೊರಟಳು.

ಎರಡು ಬೀದಿ ದಾಟಿದರೆ ಒಂದು ಮುಚ್ಚಿದ ಫೋಟೋ ಸ್ಟುಡಿಯೋ. ಹನಿ ಮಾಸ್ತರು ಕೂರುತ್ತಿದ್ದದ್ದು ಅಲ್ಲಿ. ನಿವೃತ್ತರಾದ ಮೇಲೆ ಯಾವುದೋ ಕಹಿ ತೊಗಟೆಯನ್ನು ನೆನೆಸಿ ಸೋಸಿದ ರಸವನ್ನು ಹನಿ ಲೆಕ್ಕದಲ್ಲಿ ಕೊಡುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಕೋಣೆಗೆ ಒಂದೂ ಕಿಟಕಿ ಇರಲಿಲ್ಲ. ಕೆರೆ, ಸೇತುವೆ, ಬಾತುಕೋಳಿಗಳನ್ನು ಬರೆದಿದ್ದ ಹಳೆಯ ಪರದೆ ಇನ್ನೂ ಗೋಡೆಯ ಮೇಲೆ ತೂಗುತ್ತಿತ್ತು. ಅದರ ಮುಂದೆ ಬೆಂಚುಗಳ ಮೇಲೆ ನಲವತ್ತು ಜನ ಮೈಗೆ ಮೈ ತಾಗಿಸಿ ಕೂತಿದ್ದರು. ಯಾರೋ ಕೆಮ್ಮುತ್ತಿದ್ದರು. ಅದು ನಿಂತರೆ ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬರು. ಗೋಡೆ ಬೆವತಿತ್ತು. ಜ್ವರವೇ ಬಂದು ಬಾಡಿಗೆಗೆ ಮನೆ ಹುಡುಕಿದ್ದರೂ ಇದಕ್ಕಿಂತ ಅನುಕೂಲದ ಜಾಗ ಸಿಗುತ್ತಿರಲಿಲ್ಲ ಎಂದು ಕಿಟಕಿಯಮ್ಮನಿಗೆ ಅನಿಸಿತು. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬ ಅವಳನ್ನು ನೋಡಿ ಗೋಡೆಯ ಕಡೆ ತಿರುಗಿದ. ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಹೆಣದ ಚೀಲಗಳನ್ನು ಸಾಗಿಸುತ್ತಿದ್ದವನು ಅವನೇ.

ಅವಳ ಸರದಿ ಬಂತು. ಏನೇನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಮಾಸ್ತರು ತಮ್ಮ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, ಕೈಗವಸು ಮುಖಗವಸು ಒಂದೂ ಇಲ್ಲದೆ, ಅವಳ ಮಣಿಕಟ್ಟು ಹಿಡಿದರು. ಮುಖವನ್ನೇ ನೋಡಿದರು.

"ನಿದ್ದೆ ಮಾಡಿ ಎಷ್ಟು ದಿನ ಆಯ್ತಮ್ಮ?"

ಅವಳು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು. ಅಮ್ಮನ ಚೀಟಿಯನ್ನು ತಾನೇ ಬರೆದದ್ದು, ಪಟ್ಟಿಯಲ್ಲಿ ಹೆಸರು ನೋಡಿದ್ದು, ಅಕ್ಕ ಕಲ್ಲುಬೆಂಚಿನ ಮೇಲೆ ಕೂತಿದ್ದದ್ದು. ಮಾಸ್ತರು ನಡುವೆ ಬಾಯಿ ಹಾಕಲಿಲ್ಲ, ಸರದಿಯವರನ್ನು ನೋಡಿ ಅವಸರಪಡಲಿಲ್ಲ.

"ಒಳಗೆ ಹೋಗುವಾಗ ಅಮ್ಮ ಏನಂದ್ರು?" ಎಂದು ಕೇಳಿದರು.

"ಶಾಲು ಕಳಿಸಿ ಅಂದ್ರು. ಕಳಿಸಿದೆ. ಅದು ಅವರ ಕೈಗೆ ಸಿಗಲೇ ಇಲ್ಲ. ಆಮೇಲೆ ಸಾಮಾನು ಕೋಣೆಯಲ್ಲಿ ಮಡಿಚಿದ್ದು ಮಡಿಚಿದ ಹಾಗೇ ಇತ್ತು."

ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಎರಡು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಮಾಸ್ತರು ನಾಲಿಗೆಯ ಮೇಲೆ ಐದು ಹನಿ ಬಿಟ್ಟರು. ಕಹಿ ಕಿವಿಯವರೆಗೆ ಹತ್ತಿತು. ಭಾವನ ಸುದ್ದಿಯನ್ನು ಎತ್ತದೆಯೇ ಅವಳು ಹೊರಗೆ ಬಂದಳು. ಮೈ ಹಗುರಾಗಿತ್ತು. ಸಂಜೆ ಏಳಕ್ಕೆ ಮಲಗಿದವಳು ಬೆಳಗಾಗುವವರೆಗೂ ಮಗ್ಗುಲು ಬದಲಿಸಲಿಲ್ಲ.

ಮರುದಿನ ಭಾವನ ಜ್ವರಕ್ಕೆ ಮೂರನೆಯ ದಿನ. ಬೆಳಿಗ್ಗೆಯೇ ಹೋಗಿ ಅಕ್ಕನ ಕೈಕಾಲು ಹಿಡಿದಾದರೂ ಅವರನ್ನು ಕರೆತರಬೇಕಿತ್ತು. ಅವಳು ಹೋಗಲಿಲ್ಲ. ಭಾವ ಗಟ್ಟಿಮುಟ್ಟಾದ ಆಳು, ಸಂಜೆ ನೋಡೋಣ, ಅಕ್ಕನ ಸಿಟ್ಟು ಇಳಿಯಲಿ ಎಂದುಕೊಂಡಳು. ಎಲ್ಲ ಗೊತ್ತಿದ್ದ ತಾನು ಆ ಒಂದು ದಿನವನ್ನು ಹೇಗೆ ಕೈ ಬಿಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಸಂಜೆ ಅಕ್ಕನೇ ಫೋನ್ ಮಾಡಿ, "ಇವತ್ತು ಎದ್ದು ಕೂತು ಚಾ ಕುಡಿದ್ರು ಕಣೇ" ಎಂದಾಗ ಅವಳಿಗೂ ಸಂತೋಷವೇ ಆಯಿತು.

ನಾಲ್ಕನೆಯ ದಿನ ಹತ್ತು ಗಂಟೆಗೆ ಸಾಮಾನು ಸಾಗಿಸುವ ಗಾಡಿಯೊಂದು ಆಸ್ಪತ್ರೆಯ ಅಂಗಳಕ್ಕೆ ನುಗ್ಗಿತು. ಭಾವ ಗಾಡಿಯ ಹಿಂದೆ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ. ನೀರಿನಿಂದ ತಲೆ ಹೊರಗೆ ಹಾಕಿದವರ ಹಾಗೆ ಕತ್ತು ಚಾಚಿ ಉಸಿರು ಎಳೆಯುತ್ತಿದ್ದರು. ಒಂದೊಂದು ಉಸಿರಿಗೂ ಗರಗಸದ ಸದ್ದು.

ಅಕ್ಕ ಕಿಟಕಿಗೆ ಬಂದಳು. ಇಬ್ಬರ ನಡುವೆ ಗಾಜು.

"ನಿನ್ನೆಯಿಂದ" ಎಂದಳು ಅಕ್ಕ, ಕೇಳುವ ಮೊದಲೇ.

"ಅಕ್ಕ, ನಂಗೆ ಗೊತ್ತಲ್ಲ. ಯಾಕೆ ಸುಳ್ಳು ಹೇಳ್ತೀಯ?"

"ನಿಜ ಹೇಳಿದ್ರೆ ಒಳಗೆ ಸೇರಿಸ್ಕೊಳ್ಳಲ್ವಂತೆ. ತಡವಾಗಿ ಬಂದೋರನ್ನ ಮೂಲೆಗೆ ಹಾಕಿಬಿಡ್ತಾರಂತೆ. ನಿನ್ನೆಯಿಂದ ಅಂತ ಬರಿ, ನಿನ್ನ ದಮ್ಮಯ್ಯ."

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

ಕಿಟಕಿಯಮ್ಮನ ಕೈ ರಿಜಿಸ್ಟರಿನ ಮೇಲೆ ನಿಂತಿತು. ಪುಟದ ಮೇಲಿನಿಂದ ಕೆಳಗಿನವರೆಗೆ ನಿನ್ನೆಯಿಂದ, ನಿನ್ನೆಯಿಂದ, ನಿನ್ನೆಯಿಂದ. ಹಿಂದಿನ ಪುಟದಲ್ಲೂ ಅದೇ. ಈ ಪುಟಗಳು ಪ್ರತಿ ಶನಿವಾರ ಮೇಲಿನ ಮಹಡಿಗೆ ಹೋಗುತ್ತಿದ್ದವು. ಸೂಜಿಗೆ ಮೊದಲಿನ ಶಕ್ತಿ ಇಲ್ಲ, ಎರಡನೇ ದಿನ ಹಾಕಿದರೂ ಜನ ಸಾಯುತ್ತಿದ್ದಾರೆ ಎಂದು ಡಾಕ್ಟರುಗಳು ಮೊಗಸಾಲೆಯಲ್ಲಿ ಮಾತಾಡಿಕೊಂಡದ್ದನ್ನು ಅವಳೇ ಕೇಳಿದ್ದಳು. ಆ ಮಾತಿಗೆ ಆಧಾರ ಈ ಪುಟಗಳೇ.

ನಾಲ್ಕು ದಿನ ಎಂದು ಬರೆದಳು. ಅಕ್ಕ ಗಾಜಿಗೆ ಅಂಗೈಯಿಂದ ಬಡಿದಳು. ಕಿಟಕಿಯಮ್ಮ ಎದ್ದು, ಚೀಟಿ ಹಿಡಿದು, ಭಾವನನ್ನು ಮಲಗಿಸದೆ ಕೂರಿಸಿಯೇ ತಳ್ಳುತ್ತಿದ್ದ ಗಾಲಿಕುರ್ಚಿಯ ಜೊತೆಗೆ ಹಸಿರು ಬಾಗಿಲು ದಾಟಿದಳು. ಒಂಬತ್ತು ವರ್ಷದಲ್ಲಿ ಅದು ಮೊದಲ ಸಲ.

ದೊಡ್ಡ ಡಾಕ್ಟರಮ್ಮನ ಮುಖಗವಸಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಅವು ಕೆಂಪಾಗಿ ಊದಿದ್ದವು.

"ನಾಲ್ಕು ದಿನ ಮೇಡಂ" ಎಂದಳು ಕಿಟಕಿಯಮ್ಮ. "ಇದು ನಿಜ. ಇದಕ್ಕೆ ಮುಂಚೆ ಬರೆದಿದ್ದು ಬಹಳಷ್ಟು ಸುಳ್ಳು. ಮೂರು, ನಾಲ್ಕು, ಐದು ದಿನ ಆದವರೂ ನಿನ್ನೆಯಿಂದ ಅಂತಾನೇ ಹೇಳಿದ್ದಾರೆ."

"ಗೊತ್ತಿದ್ದೂ ಬರೆದ್ಯಾ?"

"ಹೇಳಿದ್ದನ್ನ ಬರೆಯೋದು ನನ್ನ ಕೆಲಸ ಮೇಡಂ."

ಡಾಕ್ಟರಮ್ಮ ಅಲ್ಲೇ ಆಕ್ಸಿಜನ್ ಸಿಲಿಂಡರಿನ ಕೈಗಾಡಿಯ ಮೇಲೆ ಕುಸಿದು ಕೂತರು. "ಸೂಜಿ ನಿಲ್ಲಿಸಿ ಅಂತ ಮೊನ್ನೆ ತಾನೇ ಕಾಗದ ಬರೆದು ಕಳಿಸಿದೆ" ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಮತ್ತೆ ಎದ್ದು ಭಾವನ ಕಡೆ ಹೋದರು.

ವಾರ್ಡಿನ ಹಿತ್ತಲ ಕಡೆಯ ಗೋಡೆಯಲ್ಲಿ ಉದ್ದನೆಯ ಗಾಜು ಇತ್ತು. ಯಾವ ಕಾಲದಲ್ಲೋ ಬಿಳಿ ಬಣ್ಣ ಬಳಿದು ಮುಚ್ಚಿದ್ದರು. ಅದನ್ನು ಕೆರೆದು ತೆಗೆಯಲೇ ಎಂದು ಕಿಟಕಿಯಮ್ಮ ಕೇಳಿದಳು.

"ಯಾಕೆ?"

"ಅಕ್ಕ ನೋಡ್ಲಿ ಮೇಡಂ. ನಾನು ಹೇಳಿದ್ರೆ ನಂಬಲ್ಲ."

ಡಾಕ್ಟರಮ್ಮ ತಿರುಗಿಯೂ ನೋಡದೆ, "ಕೆರಿ" ಎಂದರು.

ಬ್ಲೇಡಿನಿಂದ ಕೆರೆದು ಕೆರೆದು ಅವಳ ಉಗುರು ಕಿತ್ತುಬಂತು. ಒಂದು ಮೊಳ ಗಾಜು ಬೆಳಕಾಯಿತು. ಹಿತ್ತಲಿನ ಕಸದ ಡಬ್ಬಿಗಳ ನಡುವೆ ಅಕ್ಕನೂ ಮಗಳೂ ನಿಂತರು. ಭಾವ ಅವರನ್ನು ಕಂಡು ಕೈ ಎತ್ತಿದರು. ಕಣ್ಣು ಕಿರಿದು ಮಾಡಿ ನೋಡಿದರು, ದೂರದ್ದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು. ಅಕ್ಕ ಎಲ್ಲವನ್ನೂ ಕಣ್ಣಾರೆ ನೋಡಿದಳು. ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಳಿಸಿದ್ದು, ಒಬ್ಬ ನರ್ಸ್ ಹಾಸಿಗೆಯ ಮೇಲೆ ಮಂಡಿಯೂರಿ ಎದೆ ಒತ್ತಿ ಒತ್ತಿ ಕೊನೆಗೆ ತಾನೇ ಅಳುತ್ತಾ ಕೂತದ್ದು. ಅಕ್ಕ ಹೊರಗೆ ಕೂಗಲಿಲ್ಲ, ಯಾರನ್ನೂ ಬಯ್ಯಲಿಲ್ಲ. "ಒಳಗಿನವರು ಕೈ ಬಿಡಲಿಲ್ಲ" ಎಂದಷ್ಟೇ ಹೇಳಿದಳು.

ಮೂರು ದಿನ ಕಳೆದು ಕಿಟಕಿಯಮ್ಮ ಮಾಸ್ತರ ಕೋಣೆಗೆ ಹೋದಳು. ಈ ಸಲ ಒಂದು ಹಾಳೆ ತಂದಿದ್ದಳು. ರಿಜಿಸ್ಟರಿನಲ್ಲಿ ಆ ಸುತ್ತಲಿನ ಬೀದಿಗಳ ವಿಳಾಸ ಕೊಟ್ಟು, ಈಗ ಬದುಕಿಲ್ಲದವರ ಹೆಸರು. ಬೆಂಚುಗಳ ಮೇಲೆ ಜನ ತುಂಬಿದ್ದರು. ಅವಳು ಬಗ್ಗಿ ಮೆಲುದನಿಯಲ್ಲಿ ಒಂದೊಂದೇ ಓದಿದಳು.

ಮಾಸ್ತರ ಮುಖ ಬಿಳುಚಿಕೊಂಡಿತು. "ಇವರೆಲ್ಲ ಗುಣವಾಗಿ ಮನೇಲಿದ್ದಾರೆ ಅಂದ್ಕೊಂಡಿದ್ದೆ" ಎಂದರು. "ಗುಣ ಆದವರು ಬಂದು ಹೇಳಿ ಹೋಗ್ತಾರೆ. ಆಗದವರು ಯಾರೂ ಬರಲ್ವಲ್ಲ ತಾಯಿ. ಇಷ್ಟು ವರ್ಷ ಗಣಿತ ಹೇಳ್ದೆ. ಇದು ಹೊಳೀಲಿಲ್ಲ ನೋಡಿ."

ಅವರ ದನಿ ಒಡೆದಿತ್ತು. ದುಃಖಕ್ಕೆ ಎಂದು ಅವಳು ಮೊದಲು ಅಂದುಕೊಂಡಳು. ಆಮೇಲೆ ಅನುಮಾನವಾಗಿ, "ಬಾಯಿ ತೆಗೀರಿ" ಎಂದಳು. ಮೊಬೈಲ್ ಬೆಳಕಿನಲ್ಲಿ ನೋಡಿದಳು. ಕಿರುನಾಲಿಗೆಯ ಎರಡೂ ಕಡೆ ಬೂದುಬಿಳಿ ಪೊರೆ, ಒದ್ದೆ ಕಾಗದ ಅಂಟಿಸಿದ ಹಾಗೆ.

"ಎಷ್ಟು ದಿನ ಆಯ್ತು ಮಾಸ್ತರೇ?"

"ಐದು. ನನ್ನ ಹನಿ ನಾನೂ ತಗೊಳ್ತಾ ಇದ್ದೆ."

ಅವರು ಗೋಡೆ ಹಿಡಿದು ಎದ್ದು ನಿಂತರು. ತರಗತಿಯಲ್ಲಿ ಮಾತಾಡುವ ಹಾಗೆ ಗಂಟಲು ಏರಿಸಲು ನೋಡಿದರು, ಆಗಲಿಲ್ಲ. "ಎಲ್ಲರೂ ಆಸ್ಪತ್ರೆಗೆ ಹೋಗಿ. ಇವತ್ತೇ ಹೋಗಿ. ನಾನೂ ಹೋಗ್ತಾ ಇದ್ದೀನಿ."

ಯಾರೂ ಏಳಲಿಲ್ಲ. ಮುಂದಿನ ಬೆಂಚಿನ ಒಬ್ಬ ಹೆಂಗಸು ಕಿಟಕಿಯಮ್ಮನನ್ನೇ ನೋಡುತ್ತಾ, "ಇವಳು ಆಸ್ಪತ್ರೆಯವಳಲ್ವಾ?" ಎಂದು ಪಕ್ಕದವಳನ್ನು ಕೇಳಿದಳು. ಮಾಸ್ತರು ಕಿಟಕಿಯಮ್ಮನ ಭುಜ ಹಿಡಿದು ಬೀದಿಯಲ್ಲಿ ನಡೆದು ಹೋಗುವುದನ್ನು ಆ ಜನವೆಲ್ಲ ಬಾಗಿಲಿಗೆ ಬಂದು ನೋಡಿದರು. ಎರಡೇ ದಿನಕ್ಕೆ ಅವರನ್ನು ಚೀಲದಲ್ಲಿ ಹೊರಗೆ ತಂದದ್ದನ್ನೂ ನೋಡಿದರು.

ಸೂಜಿ ನಿಲ್ಲಿಸಿ ಎಂದು ಬರೆದಿದ್ದ ಕಾಗದವನ್ನು ಡಾಕ್ಟರಮ್ಮ ವಾಪಸು ತೆಗೆದುಕೊಂಡರು. ಹಿತ್ತಲ ಗಾಜಿನ ಬಣ್ಣವನ್ನೆಲ್ಲ ಕೆರೆಸಿದರು. ದಿನಕ್ಕೆ ಎರಡು ಸಲ ಒಬ್ಬ ನರ್ಸ್ ಹೊರಗೆ ಬಂದು ಪ್ರತಿಯೊಬ್ಬರ ಮನೆಯವರಿಗೂ ಸುದ್ದಿ ಹೇಳಬೇಕು ಎಂದು ಬರೆದು ಅಂಟಿಸಿದರು. ಬೇಗ ಬಂದವರಿಗೆ ಸೂಜಿ ಕೆಲಸ ಮಾಡುತ್ತಿತ್ತು. ಹಾಗೆ ಉಳಿದವರನ್ನು ಕಿಟಕಿಯಮ್ಮ ಈಗ ಹೆಸರು ಹಿಡಿದು ಹೇಳಬಲ್ಲವಳಾಗಿದ್ದಳು. ಹೇಳಿದರೆ ಕೇಳುವವರು ಬೇಕಿತ್ತು.

ಒಂದು ಸಂಜೆ ಅಕ್ಕ ಅವಳ ಕೋಣೆಗೆ ಬಂದಳು.

"ಬೀದೀಲಿ ಏನಂತಿದ್ದಾರೆ ಗೊತ್ತಾ? ಮಾಸ್ತರನ್ನ ನೀನೇ ಬಂದು ಎಬ್ಬಿಸ್ಕೊಂಡು ಹೋಗಿ ಮುಗಿಸಿಬಿಟ್ಟೆ ಅಂತ. ಅವರಿಂದ ನಿಮ್ಮ ಆಸ್ಪತ್ರೆಗೆ ಜನ ಕಮ್ಮಿ ಆಗಿದ್ರಂತೆ, ಅದಕ್ಕೆ."

"ನೀನೇನಂದೆ?"

ಅಕ್ಕ ತನ್ನ ಅಂಗೈ ನೋಡಿಕೊಂಡಳು. "ನಾನು ಆ ಬೀದೀಲೇ ಅಂಗಡಿ ಇಟ್ಕೊಂಡು ಬದುಕಬೇಕಲ್ಲ ಕಣೇ. ಮಗಳಿದ್ದಾಳೆ."

"ಏನೂ ಹೇಳಲಿಲ್ವಾ?"

"ಇಲ್ಲ."

ಅಕ್ಕ ಇನ್ನೊಂದು ಸುದ್ದಿಯನ್ನೂ ಹೇಳಿದಳು. ಸ್ಟುಡಿಯೋದಲ್ಲಿ ಈಗ ಬೇರೊಬ್ಬ ಬಂದು ಕೂತಿದ್ದಾನೆ. ಮಾಸ್ತರ ಶಿಷ್ಯ ಎಂದು ಹೇಳಿಕೊಳ್ಳುತ್ತಾನೆ. ಅವನ ಬಾಟಲಿಗಳಿಗೆ ಅಚ್ಚು ಹಾಕಿದ ಚೀಟಿ ಇದೆ, ಚೀಟಿಯ ಮೇಲೆ ಮಾಸ್ತರ ಫೋಟೋ ಇದೆ. ಕಾಯಿಲೆಯವರನ್ನು ಆಸ್ಪತ್ರೆಯವರು ಬಂದು ಕೇಳಿದರೆ ಮನೆಯಲ್ಲಿಲ್ಲ ಎನ್ನಬೇಕು ಎಂದೂ ಹೇಳಿಕೊಡುತ್ತಾನೆ. ಸಾಲು ಬೀದಿಯ ತಿರುವಿನವರೆಗೂ ಬೆಳೆದಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಿಟಕಿಯಮ್ಮ ಪರದೆ ಸರಿಸಿದಳು. ಕಿಟಕಿಯ ಮುಂದೆ ಒಬ್ಬರೂ ಇರಲಿಲ್ಲ. ಕಲ್ಲುಬೆಂಚು ಖಾಲಿ. ಅಂಗಳದಲ್ಲಿ ಒಂದು ನಾಯಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಕಾವಲುಗಾರ ಬಂದು ಕಿಟಕಿಗೆ ಮೊಣಕೈ ಊರಿ, "ಜ್ವರ ಊರು ಬಿಟ್ಟು ಹೋಯ್ತು ಅನ್ಸುತ್ತೆ. ಇನ್ಮೇಲೆ ನಮಗಿಬ್ಬರಿಗೂ ನಿದ್ದೆ ಮಾಡೋದೇ ಕೆಲಸ" ಎಂದು ನಕ್ಕ. ಅವಳು ನಗಲಿಲ್ಲ. ಹೊಸ ಪುಟ ತೆಗೆದು ತಾರೀಕು ಬರೆದು ಕಾದಳು. ಒಂಬತ್ತಾಯಿತು. ಹತ್ತಾಯಿತು. ಸೂಜಿಯ ಡಬ್ಬಿಗಳು ಒಳಗೆ ತಣ್ಣಗಿನ ಪೆಟ್ಟಿಗೆಯಲ್ಲಿ ತುಂಬಿ ಕೂತಿದ್ದವು. ನರ್ಸ್ ಎರಡು ಸಲ ಹಸಿರು ಬಾಗಿಲು ತೆಗೆದು ಇಣುಕಿ ಒಳಗೆ ಹೋದಳು.

ಹನ್ನೊಂದೂವರೆಗೆ ಒಂದು ಗಾಡಿ ಬಂತು. ಒಬ್ಬ ಗಂಡಸು ಇಳಿದು, ಹಿಂದಿನ ಸೀಟಿನಿಂದ ಹೆಂಡತಿಯನ್ನು ತೋಳಲ್ಲಿ ಎತ್ತಿಕೊಂಡು ಕಿಟಕಿಯವರೆಗೂ ನಡೆದು ಬಂದ. ಅವಳ ತಲೆ ಅವನ ಮೊಣಕೈಯಿಂದ ಹಿಂದಕ್ಕೆ ಜೋತುಬಿದ್ದಿತ್ತು, ತುಟಿ ನೀಲಿಯಾಗಿತ್ತು, ಎದೆ ಏಳುತ್ತಿರಲಿಲ್ಲ.

"ಬೇಗ ಚೀಟಿ ಮಾಡಿ ಅಮ್ಮ" ಎಂದ ಅವನು. "ದಾರಿಯುದ್ದಕ್ಕೂ ಮಾತಾಡ್ತಾನೇ ಇದ್ಲು."

ಕಿಟಕಿಯಮ್ಮ ಪೆನ್ನು ಕೆಳಗಿಟ್ಟು, ಬಾಗಿಲು ತೆಗೆದು ಹೊರಗೆ ಬಂದು, ಅವನ ತೋಳಿನ ಭಾರಕ್ಕೆ ತನ್ನ ಕೈಯನ್ನೂ ಕೊಟ್ಟಳು.